ಕೊಲೆಸ್ಟ್ರಾಲ್ ಮಾತ್ರೆ ರಾತ್ರಿಗೆ ಬಂದ ಬಗೆ

ದೇಹದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ಯಕೃತ್ತು ಮತ್ತಿತರ ಅಂಗಗಳೇ ತಯಾರಿಸುತ್ತವೆ. ಊಟದಿಂದ ಬರುವುದು ಕಡಿಮೆ. ಈ ತಯಾರಿಕೆ ನಡುರಾತ್ರಿಯ ಆಚೀಚೆ ಚುರುಕಾಗುತ್ತದೆ. ಅದಕ್ಕೆ ಬೇಕಾದ ಮುಖ್ಯ ಕಿಣ್ವವನ್ನು ತಡೆಹಿಡಿಯುವ ಔಷಧಗಳೇ ಸ್ಟ್ಯಾಟಿನ್‌ಗಳು. ಅವನ್ನು ರಾತ್ರಿ ಮಲಗುವ ಮುನ್ನ ನುಂಗಬೇಕೆಂಬ ರೂಢಿ ಹುಟ್ಟಿದ್ದು ಇಲ್ಲಿಂದ.

ಟೋಕಿಯೊದ ಸಾಂಕ್ಯೊ ಕಂಪನಿಯ ವಿಜ್ಞಾನಿ ಅಕಿರಾ ಎಂಡೊ 1971ರಲ್ಲಿ ಇಂಥದೊಂದು ವಸ್ತುವನ್ನು ಬೂಸ್ಟುಗಳಲ್ಲಿ ಹುಡುಕತೊಡಗಿದರು. ಆರು ಸಾವಿರಕ್ಕೂ ಹೆಚ್ಚು ತಳಿಗಳನ್ನು ಜಾಲಾಡಿದ ಮೇಲೆ, ಕ್ಯೋಟೊದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ನೀಲಿ ಹಸಿರು ಬೂಸ್ಟಿನಿಂದ 1973ರಲ್ಲಿ ಕಾಂಪ್ಯಾಕ್ಟಿನ್ ಸಿಕ್ಕಿತು. ಅದು ಅಂಗಡಿಯ ಔಷಧವಾಗಲಿಲ್ಲ. ಆದರೆ ಅದೇ ಜಾಡಿನಲ್ಲಿ ಮರ್ಕ್ ಕಂಪನಿ ಕಂಡುಕೊಂಡ ಲೋವಾಸ್ಟ್ಯಾಟಿನ್‌ಗೆ 1987ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬೆನ್ನಲ್ಲೇ ಸಿಮ್ವಾಸ್ಟ್ಯಾಟಿನ್ ಬಂತು. ಈ ಮಾತ್ರೆಗಳು ಜೀವ ಉಳಿಸುತ್ತವೆಯೇ ಎಂಬ ಅನುಮಾನ ಕಳೆದದ್ದು 1994ರಲ್ಲಿ. ಉತ್ತರ ಯುರೋಪಿನ 4,444 ಹೃದ್ರೋಗಿಗಳ ಅಧ್ಯಯನದಲ್ಲಿ ಸಿಮ್ವಾಸ್ಟ್ಯಾಟಿನ್ ತೆಗೆದುಕೊಂಡವರ ಸಾವು ಶೇಕಡಾ 30ರಷ್ಟು ಇಳಿದಿತ್ತು.

ಸಿಮ್ವಾಸ್ಟ್ಯಾಟಿನ್ ರಕ್ತದಲ್ಲಿ ಕೆಲವೇ ಗಂಟೆ ಉಳಿಯುತ್ತದೆ. ಬೆಳಿಗ್ಗೆ ನುಂಗಿದರೆ ನಡುರಾತ್ರಿಯ ಹೊತ್ತಿಗೆ ಅದರ ಬಲ ಕುಗ್ಗಿರುತ್ತದೆ. ಲೋವಾಸ್ಟ್ಯಾಟಿನ್ ಊಟದೊಡನೆ ಚೆನ್ನಾಗಿ ಹೀರಲ್ಪಡುವುದರಿಂದ ಅದನ್ನು ರಾತ್ರಿ ಊಟದ ಜೊತೆ ಕೊಡುತ್ತಿದ್ದರು. ಹಾಗಾಗಿ ವೈದ್ಯರ ಚೀಟಿಯಲ್ಲಿ ರಾತ್ರಿಗೆ ಮಾತ್ರ ಒಂದು ಎಂದು ಸೂಚಿಸುವ 0-0-1 ಎಂಬ ಗುರುತು ಈ ಮಾತ್ರೆಗೆ ಅಂಟಿಕೊಂಡಿತು. 1996ರ ಕೊನೆಗೆ ಒಪ್ಪಿಗೆ ಪಡೆದ ಅಟೋರ್ವಾಸ್ಟ್ಯಾಟಿನ್ ಮತ್ತು 2003ರ ರೋಸುವಾಸ್ಟ್ಯಾಟಿನ್ ಈ ಲೆಕ್ಕವನ್ನೇ ಬದಲಿಸಿದವು. ಮೊದಲನೆಯದರ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 14 ಗಂಟೆ ಬೇಕು, ಎರಡನೆಯದಕ್ಕೆ 19 ಗಂಟೆ. ಇವನ್ನು ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು. ಆದರೂ ಹಳೆಯ ಗುರುತು ಅಭ್ಯಾಸಬಲದಿಂದ ಮುಂದುವರಿದಿದೆ. ರಾತ್ರಿ ಮರೆಯುವವರಿಗೆ ಬೆಳಗಿನ ಹೊತ್ತೇ ವಾಸಿ. ಬದಲಿಸುವ ಮುನ್ನ ಚೀಟಿಯಲ್ಲಿರುವುದು ಯಾವ ಸ್ಟ್ಯಾಟಿನ್ ಎಂದು ವೈದ್ಯರನ್ನು ಕೇಳಿಕೊಂಡರಾಯಿತು. ಒಂದು ದಿನ ತಪ್ಪಿತೆಂದು ಮರುದಿನ ಎರಡು ನುಂಗುವುದು ಮಾತ್ರ ಸಲ್ಲದು.

ಆಸ್ಪಿರಿನ್‌ನ ಕಥೆಯಲ್ಲಿ ಗಡಿಯಾರಕ್ಕೆ ಸ್ಥಾನ ಕಡಿಮೆ. ಕ್ಯಾಲಿಫೋರ್ನಿಯಾದ ವೈದ್ಯ ಲಾರೆನ್ಸ್ ಕ್ರೇವನ್, ಟಾನ್ಸಿಲ್ ತೆಗೆಸಿಕೊಂಡವರು ನೋವಿಗೆಂದು ಆಸ್ಪಿರಿನ್ ಚೂಯಿಂಗ್ ಗಮ್ ಅಗಿದಾಗ ರಕ್ತಸ್ರಾವ ಹೆಚ್ಚುವುದನ್ನು ಗಮನಿಸಿ, ಹೃದಯಾಘಾತ ತಡೆಯಲು ಅದನ್ನು ಬಳಸಬಹುದೆಂದು 1950ರ ವೇಳೆಗೇ ಬರೆದರು. ದೊಡ್ಡ ಪುರಾವೆ ದೊರೆತದ್ದು 1988ರಲ್ಲಿ, 17,187 ಹೃದಯಾಘಾತದ ರೋಗಿಗಳ ಐಸಿಸ್-2 ಅಧ್ಯಯನದಿಂದ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಕ್ಕೆ ಕೋಶಕೇಂದ್ರವಿಲ್ಲ. ಆಸ್ಪಿರಿನ್ ಕೆಡಿಸಿದ ಕಿಣ್ವವನ್ನು ಅದು ಮತ್ತೆ ತಯಾರಿಸಿಕೊಳ್ಳಲಾರದು. ಹಾಗಾಗಿ ಆ ಕಣದ ಏಳೆಂಟು ದಿನದ ಬದುಕಿನುದ್ದಕ್ಕೂ ಪರಿಣಾಮ ಉಳಿಯುತ್ತದೆ. ಹೊತ್ತು ಮುಖ್ಯವಾಗುವುದು ನೋವಿನ ಮಾತ್ರೆ ಐಬುಪ್ರೊಫೇನ್ ಜೊತೆ ಸೇರಿದಾಗ. ಅದು ಮೊದಲೇ ಹೋಗಿ ಜಾಗ ಹಿಡಿದರೆ ಆಸ್ಪಿರಿನ್‌ಗೆ ಅಂಟಲು ಎಡೆಯಿರುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಅನ್ನು ತಾವಾಗಿಯೇ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ.

ಹೃದಯಾಘಾತ ಬೆಳಗಿನ ಹೊತ್ತಿನಲ್ಲೇ ಹೆಚ್ಚು ಎಂದು ಜೇಮ್ಸ್ ಮುಲ್ಲರ್ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದ ಮೇಲೆ, ಬಿ.ಪಿ. ಮಾತ್ರೆಯನ್ನೂ ಮಲಗುವ ಮುನ್ನ ಕೊಡುವ ವಾದ ಬೆಳೆಯಿತು. 2019ರಲ್ಲಿ ಸ್ಪೇನಿನ ಹೈಜಿಯಾ ಅಧ್ಯಯನ ರಾತ್ರಿಯ ಮಾತ್ರೆಯಿಂದ ಭಾರಿ ಲಾಭವಿದೆ ಎಂದಿತು. 2022ರಲ್ಲಿ ಬ್ರಿಟನ್ನಿನ 21,104 ಜನರ ಟೈಮ್ ಅಧ್ಯಯನದಲ್ಲಿ ಬೆಳಿಗ್ಗೆಗೂ ರಾತ್ರಿಗೂ ವ್ಯತ್ಯಾಸ ಕಾಣಲಿಲ್ಲ. ದಿನಕ್ಕೆ ನಾಲ್ಕಾರು ಮಾತ್ರೆ ನುಂಗುವ ವೃದ್ಧರಿಗೆ ಇದಕ್ಕಿಂತ ನೆಮ್ಮದಿಯ ಸುದ್ದಿ ಇನ್ನೊಂದಿರಲಾರದು.

ಹೊತ್ತು ಹೊಂದಿಸಿ ತಪ್ಪಿಸಿಕೊಳ್ಳಲಾಗದ ಅಪಾಯವೂ ಒಂದಿದೆ. ಗ್ರೇಪ್‌ಫ್ರೂಟ್ ರಸ ಕರುಳಿನಲ್ಲಿ ಸಿಮ್ವಾಸ್ಟ್ಯಾಟಿನ್ ಕರಗಿಸುವ ಕಿಣ್ವವನ್ನು ಒಂದು ದಿನಕ್ಕೂ ಹೆಚ್ಚು ಕಾಲ ನಿಷ್ಕ್ರಿಯಗೊಳಿಸುತ್ತದೆ. ಆಗ ಔಷಧ ರಕ್ತದಲ್ಲಿ ಮಿತಿಮೀರಿ ಸ್ನಾಯುಗಳಿಗೆ ಹಾನಿಯಾಗಬಹುದು. ಬೆಳಿಗ್ಗೆ ರಸ, ರಾತ್ರಿ ಮಾತ್ರೆ ಎಂದು ಹಂಚಿಕೊಂಡರೂ ಉಪಯೋಗವಿಲ್ಲ. ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಕೂಡಿಕೆಯಿಂದ. ಅದೇ ಬಗೆಯ ರಾಸಾಯನಿಕಗಳು ಚಕ್ಕೋತದಲ್ಲೂ ಇರುವುದರಿಂದ, ದೇವನಹಳ್ಳಿಯ ಹಣ್ಣನ್ನು ಪ್ರೀತಿಯಿಂದ ತಿನ್ನುವವರು ವೈದ್ಯರಿಗೆ ಆ ಮಾತು ತಿಳಿಸಬೇಕು.

ಹಲವು ಮಾತ್ರೆ, ಹಲವು ಹೊತ್ತು ಎಂಬ ಗೊಂದಲಕ್ಕೆ ಬೆಂಗಳೂರಿನಿಂದಲೂ ಉತ್ತರ ಹುಡುಕಲಾಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಮತ್ತು ಅಲ್ಲಿನ ಸಂಶೋಧಕರು ಸೇರಿ ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ಪಾಲಿಕ್ಯಾಪ್ ಪರೀಕ್ಷಿಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ಬಗೆಯ ಬಿ.ಪಿ. ಔಷಧ, ಸಿಮ್ವಾಸ್ಟ್ಯಾಟಿನ್, ಆಸ್ಪಿರಿನ್ ಎಲ್ಲವೂ ಒಂದೇ ಕ್ಯಾಪ್ಸೂಲಿನಲ್ಲಿದ್ದವು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇಂಥ ಸಂಯುಕ್ತ ಮಾತ್ರೆಗಳನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.