ಸುಲ್ತಾನನ ಕೂದಲು

ಬೆಂಗಳೂರಿನಲ್ಲಿ ನಾಯಿಗಳ ಕೂದಲು ಕತ್ತರಿಸುವುದು ನನ್ನ ಕಸುಬು. ಲ್ಯಾಬ್ರಡೂಡಲ್ ಮರಿ ತರಲು ಹೊರಟವರಿಗೆ ವಾಲಿ ಕಾನ್ರನ್ ಕತೆ ಹೇಳಿಯೇ ಹೇಳುತ್ತೇನೆ. 1980ರ ದಶಕದ ಕೊನೆಗೆ ಅವರು ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದರು. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ನಾಯಿ ಬೇಕಿತ್ತು. ಗಂಡನಿಗೆ ನಾಯಿಯ ಕೂದಲು ಅಲರ್ಜಿ. ಪೂಡಲ್‌ಗಳು ಆ ಕೆಲಸಕ್ಕೆ ಒಗ್ಗಲಿಲ್ಲ. ಲ್ಯಾಬ್ರಡಾರ್‌ಗೆ ಪೂಡಲ್ ಕೂಡಿಸಿದರು. ಹುಟ್ಟಿದ ಮೂರು ಮರಿಗಳ ಕೂದಲು, ಜೊಲ್ಲನ್ನು ಹವಾಯಿಗೆ ಕಳಿಸಿದರೆ, ಆ ಗಂಡನಿಗೆ ಒಗ್ಗಿದ್ದು ಸುಲ್ತಾನ್ ಎಂಬ ಮರಿ ಒಂದೇ. ಒಂದೇ ಸೂಲಿನ ಮರಿಗಳಲ್ಲೇ ಅಷ್ಟು ವ್ಯತ್ಯಾಸ! ಮುಂದೆ ಮಿಶ್ರತಳಿಗಳ ವ್ಯಾಪಾರ ಬೆಳೆದದ್ದು ಕಂಡು ಕಾನ್ರನ್ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು.

ನಿಮ್ಮ ಮರಿಯ ಕೂದಲು ಉದುರದೇ ಇದ್ದರೂ ಕೆಲಸ ತಪ್ಪದು: ಉದುರದ ಕೂದಲು ಕಿವಿಯ ಹಿಂದೆ, ಕಂಕುಳಲ್ಲಿ ಗಂಟುಕಟ್ಟಿ ಚರ್ಮವನ್ನು ಎಳೆಯುತ್ತದೆ. ಮೇಲೆ ಮೇಲೆ ಬ್ರಷ್ ಆಡಿಸಿದರೆ ಸಾಲದು, ಬುಡದಿಂದ ಬಿಡಿಸಿ ಬಾಚಬೇಕು. ಮರಿ ಮನೆಗೆ ಬರುವ ಮೊದಲೇ ಉಕ್ಕಿನ ಬಾಚಣಿಗೆ ತಂದಿಡಿ; ಬಂದ ವಾರದಿಂದಲೇ ರೂಢಿ ಮಾಡಿಸಿ.