ಮೂಳೆ ಸಿಮೆಂಟಿನ ಹುಟ್ಟು

ಕೃತಕ ಕೀಲನ್ನು ಮೂಳೆಯಲ್ಲಿ ಅಲುಗದಂತೆ ನಿಲ್ಲಿಸುವ ಯತ್ನ 19ನೆಯ ಶತಮಾನದ ಕೊನೆಯಲ್ಲೇ ಆರಂಭವಾಗಿದ್ದು, ಬರ್ಲಿನ್ನಿನ ಶಸ್ತ್ರವೈದ್ಯ ಥೆಮಿಸ್ಟೋಕ್ಲಿಸ್ ಗ್ಲೂಕ್ ಆನೆದಂತದ ಕೀಲುಗಳನ್ನು ಕೂರಿಸಲು ರಾಳ, ಜಿಪ್ಸಮ್ ಮುಂತಾದವುಗಳ ಮಿಶ್ರಣವನ್ನು ಪ್ರಯೋಗಿಸಿದರಾದರೂ, ಸೋಂಕಿನಿಂದಾಗಿ ಅವು ಬಾಳಲಿಲ್ಲ. ಬಾಳಿಕೆಯ ಪರಿಹಾರ ದೊರೆತದ್ದು ದಂತವೈದ್ಯಕೀಯದಿಂದ: ಕಟ್ಟುಹಲ್ಲಿನ ತಳಕ್ಕೆ ಬಳಕೆಯಲ್ಲಿದ್ದ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು, ಮ್ಯಾಂಚೆಸ್ಟರಿನ ದಂತಸಾಮಗ್ರಿ ತಜ್ಞ ಡೆನ್ನಿಸ್ ಸ್ಮಿತ್ ಅವರ ಸಲಹೆಯಂತೆ, ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ 1958ರಲ್ಲಿ ಸೊಂಟದ ಕೀಲಿಗೆ ಬಳಸಿ, 1960ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು. ಪುಡಿಯನ್ನೂ ದ್ರವವನ್ನೂ ಬೆರೆಸಿದಾಗ ಕಣಕದಂತಾಗಿ, ಶಾಖ ಹೊಮ್ಮಿಸುತ್ತ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಈ ‘ಮೂಳೆ ಸಿಮೆಂಟ್’ ಅಂಟಿನಂತೆ ಹಿಡಿಯುವುದಿಲ್ಲ. ಬದಲಿಗೆ, ಮೂಳೆಯ ಸಣ್ಣ ರಂಧ್ರಗಳಿಗಿಳಿದು, ಕೃತಕ ಕೀಲಿನ ಲೋಹದ ದಂಡದ ಸುತ್ತಲಿನ ಸಂದನ್ನು ತುಂಬಿ, ದೇಹದ ಭಾರವನ್ನು ಮೂಳೆಗೆ ಸಮವಾಗಿ ಹಂಚುತ್ತದೆ. ಸೋಂಕು ತಡೆಯಲು ಅದರಲ್ಲಿ ಜೆಂಟಾಮೈಸಿನ್ ಎಂಬ ಪ್ರತಿಜೀವಕವನ್ನು ಬೆರೆಸುವ ಕ್ರಮ 1970ರ ಸುಮಾರಿಗೆ ಹ್ಯಾಂಬರ್ಗಿನಲ್ಲಿ ಶಸ್ತ್ರವೈದ್ಯ ಬುಕ್‌ಹೋಲ್ಟ್ಸ್ ಅವರಿಂದ ರೂಪುಗೊಂಡಿತು.