ವ್ಯಸನ ಬಿಟ್ಟ ಮೇಲೂ ಉಳಿಯುವ ಗುರುತು: ಒಂದು ಚಾರಿತ್ರಿಕ ಅವಲೋಕನ

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಅಂದು ಅದರ ಒಡಲಲ್ಲೇ ಇತ್ತು. ಸುಮಾರು ಹತ್ತು ಮೈಲಿ ದೂರದ ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತದ್ದು. ಅದು ಮೈಸೂರು ಸಂಸ್ಥಾನದ ಭಾಗ. ಒಂದೇ ನುಡಿಯನ್ನಾಡುವ, ಒಂದೇ ಮಾದಪ್ಪನಿಗೆ ಮುಡಿಪು ಕಟ್ಟುವ ಜನಕ್ಕೆ ಅಬಕಾರಿಯ ಕಾನೂನು ಮಾತ್ರ ಎರಡಾಗಿದ್ದವು. ರಾಜಾಜಿಯವರ ಸರ್ಕಾರವು 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿರೋಧವು, ನಡುವೆ ಕೆಲಕಾಲ ನಿಂತು, 1948ರ ಹೊತ್ತಿಗೆ ಮದರಾಸು ಪ್ರಾಂತ್ಯವನ್ನೆಲ್ಲ ವ್ಯಾಪಿಸಿತು. ಕೊಳ್ಳೇಗಾಲವೂ ಅದಕ್ಕೆ ಒಳಪಟ್ಟಿತು. ಮುಂದೆ 1967ರಲ್ಲಿ ಮೈಸೂರು ರಾಜ್ಯವು ಪಾನನಿರೋಧವನ್ನು ಕೈಬಿಟ್ಟಿತು.

ಅಂಗಡಿ ಮುಚ್ಚಿದರೆ ಚಟವೂ ಅಳಿಯುವುದೆಂಬ ನಂಬಿಕೆ ಆ ಕಾನೂನಿನ ಹಿಂದೆ ಇತ್ತು. ಮನೆಮಂದಿಯ ನಂಬಿಕೆಯೂ ಬಹುಮಟ್ಟಿಗೆ ಅದೇ. ಮಾದಪ್ಪನ ಆಣೆಯಿಟ್ಟು ಕುಡಿತವನ್ನೋ ಗಾಂಜಾವನ್ನೋ ಬಿಟ್ಟವನು ಆರು ತಿಂಗಳು ನೆಟ್ಟಗಿದ್ದು, ಜಾತ್ರೆಯಲ್ಲಿ ಹಳೆಯ ಗೆಳೆಯನನ್ನು ಕಂಡೊಡನೆ ಮತ್ತೆ ಜಾರಿದರೆ, ಆತನು ಆಣೆ ಮುರಿದ ದ್ರೋಹಿಯೆನಿಸುತ್ತಾನೆ. ಹೆಂಡತಿ ತವರಿಗೆ ಹೋಗುತ್ತಾಳೆ, ತಂದೆ ಮಾತು ಬಿಡುತ್ತಾನೆ. ತಪ್ಪೆಲ್ಲವೂ ಆತನ ಸಂಕಲ್ಪದ್ದೇ ಏನು? ಈ ಪ್ರಶ್ನೆಗೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ.

ಗಾಂಜಾ, ಭಂಗಿಗಳಿಂದ ಬುದ್ಧಿ ಶಾಶ್ವತವಾಗಿ ಕೆಡುವುದೇ ಎಂಬುದನ್ನು ವಿಚಾರಿಸಲು 1893ರಲ್ಲಿ ಬ್ರಿಟಿಷ್ ಸರ್ಕಾರವು ಒಂದು ಆಯೋಗವನ್ನು ನೇಮಿಸಿತು. ಹಿಂದಿನ ವರ್ಷ ಹುಚ್ಚಾಸ್ಪತ್ರೆಗಳಿಗೆ ಸೇರಿದವರಲ್ಲಿ 222 ಮಂದಿಯ ಹುಚ್ಚಿಗೆ ಈ ವಸ್ತುಗಳೇ ಕಾರಣವೆಂದು ದಾಖಲಾಗಿತ್ತು. ಒಂದೊಂದನ್ನೂ ಮರುಪರಿಶೀಲಿಸಿದಾಗ ಉಳಿದವು 98 ಮಾತ್ರ. ಕಾರಣ ತಿಳಿಯದ ಕಡೆ ‘ಗಾಂಜಾ’ ಎಂದು ಬರೆದುಬಿಡುವುದು ಪೊಲೀಸರಿಗೂ ಗುಮಾಸ್ತರಿಗೂ ರೂಢಿಯಾಗಿತ್ತು! ಮಿತಿಮೀರಿದ ಸೇವನೆಯಿಂದ ಚಿತ್ತ ಕದಡಬಹುದೆಂದು ಆಯೋಗ ಒಪ್ಪಿತು. ಆದರೆ ಮಿದುಳಿನೊಳಗೆ ಏನಾಗುತ್ತದೆಂದು ನೋಡುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ.

ಆ ಅರಿವು ನಮ್ಮ ಸೀಮೆಯಲ್ಲಿ ಅಷ್ಟಾಗಿ ಕಾಣದ ಕೊಕೇನಿನ ಮೂಲಕ ಬಂದಿತು. ಕೋಕಾ ಎಲೆಯ ಈ ಸಾರವನ್ನು 1860ರ ಸುಮಾರಿಗೆ ಜರ್ಮನಿಯ ನೀಮನ್ ಬೇರ್ಪಡಿಸಿದನು. 1884ರಲ್ಲಿ ಕಾರ್ಲ್ ಕೊಲ್ಲರ್ ಅದರಿಂದ ಕಣ್ಣನ್ನು ಮರಗಟ್ಟಿಸಿ ಶಸ್ತ್ರಚಿಕಿತ್ಸೆಗೆ ದಾರಿ ತೆರೆದನು. ಅದೇ ವರ್ಷ ತರುಣ ವೈದ್ಯ ಫ್ರಾಯ್ಡ್, ಮಾರ್ಫಿನ್ ಚಟಕ್ಕೆ ಸಿಕ್ಕಿದ್ದ ತನ್ನ ಗೆಳೆಯ ಫ್ಲೈಷ್ಲ್‌ನಿಗೆ ಕೊಕೇನನ್ನೇ ಮದ್ದೆಂದು ಕೊಟ್ಟನು. ಗೆಳೆಯನಿಗೆ ಒಂದರ ಬದಲು ಎರಡು ಚಟಗಳಾದವು. 1891ರಲ್ಲಿ ಆತನು ತೀರಿಕೊಂಡನು. ಭಾರತದಲ್ಲಿ ಕಲ್ಕತ್ತ, ದೆಹಲಿ, ಮುಂಬಯಿಗಳಂಥ ನಗರಗಳಲ್ಲಿ ಅದು ತಾಂಬೂಲದೊಳಗೆ ಸೇರಿಕೊಂಡಿತು. ಕಲ್ಕತ್ತೆಯ ರಾಮನಾಥ ಚೋಪ್ರಾ ಅವರು 1930ರ ದಶಕದಲ್ಲಿ ಈ ಚಟವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದರು.

ನಮ್ಮ ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯವಿದೆ. ‘ಇದು ಬೇಕಾದದ್ದು, ಮತ್ತೆ ಅರಸು’ ಎಂಬ ಸಂದೇಶವನ್ನು ಅದು ಒಂದು ನರಕೋಶದಿಂದ ಮತ್ತೊಂದಕ್ಕೆ ಒಯ್ದು, ಕೆಲಸ ಮುಗಿದೊಡನೆ ಹೊರಟಲ್ಲಿಗೇ ಮರಳುತ್ತದೆ. ಕೊಕೇನು ಈ ಮರಳುದಾರಿಗೆ ಅಡ್ಡಗಟ್ಟೆ ಹಾಕುತ್ತದೆ. ಬಸಿಗಾಲುವೆ ಮುಚ್ಚಿದ ಗದ್ದೆಯಂತೆ ಸಂಧಿಸ್ಥಾನವೆಲ್ಲ ಡೋಪಮಿನ್‌ನಿಂದ ತುಂಬಿ ನಿಲ್ಲುತ್ತದೆ. ಉಬ್ಬರದ ಸುಖವೆನ್ನುವುದು ಇದನ್ನೇ. ಈ ನೆರೆ ಪದೇಪದೇ ಬಂದಾಗ ಮಿದುಳು ಸಂದೇಶ ಹಿಡಿಯುವ ತನ್ನ ಗ್ರಾಹಕಗಳನ್ನೇ ತಗ್ಗಿಸಿಕೊಳ್ಳುತ್ತದೆ. ಆಮೇಲೆ ಉಂಡ ಅನ್ನ, ಆಡುವ ಮಗು, ಬೆಳೆದ ಪೈರು ಯಾವುದೂ ರುಚಿಸದು. ಅಮೆರಿಕದ ನೋರಾ ವೋಲ್ಕೋ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಕೇನು ಬಿಟ್ಟು ಮೂರು ನಾಲ್ಕು ತಿಂಗಳಾದವರಲ್ಲಿಯೂ ಈ ಕೊರತೆ ಕಂಡಿತು. ಅದರೊಡನೆ ವಿವೇಕಕ್ಕೂ ಸಂಯಮಕ್ಕೂ ಆಧಾರವಾದ ಹಣೆಯ ಹಿಂದಿನ ಭಾಗಗಳ ಚಟುವಟಿಕೆಯೂ ಕುಂದಿತ್ತು. ಸಂಕಲ್ಪವನ್ನು ಹಿಡಿದಿಡಬೇಕಾದ ಅಂಗವೇ ಬಳಲಿದ್ದಿತು.

ಇನ್ನೊಂದು ಸಂಗತಿ ಇದಕ್ಕಿಂತಲೂ ಗಮನಾರ್ಹ. ಬಿಟ್ಟ ದಿನದಿಂದ ಬಯಕೆ ದಿನೇದಿನೇ ಇಳಿಯುತ್ತದೆಂದು ನಾವು ಭಾವಿಸುತ್ತೇವೆ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೊಕೇನಿಗೆ ಒಗ್ಗಿದ ಇಲಿಗಳನ್ನು ಅದರಿಂದ ದೂರವಿರಿಸಿದಾಗ, ಹಳೆಯ ಸೂಚನೆ ಕಂಡೊಡನೆ ಅದನ್ನು ಅರಸುವ ಆತುರವು ಎರಡು ತಿಂಗಳುದ್ದಕ್ಕೂ ಏರುತ್ತಲೇ ಹೋಯಿತು! ಜಾತ್ರೆಯ ಗೆಳೆಯನೂ ಅಂಥದೊಂದು ಸೂಚನೆಯೇ. ಕೊಕೇನಿನ ಫಲಿತಾಂಶಗಳನ್ನು ಹಾಗೆಯೇ ಸಾರಾಯಿಗೂ ಗಾಂಜಾಕ್ಕೂ ಅನ್ವಯಿಸುವುದು ಸಲ್ಲದು. ಆದರೂ ಮದ್ಯವ್ಯಸನಿಗಳಲ್ಲಿ ಅದೇ ಗ್ರಾಹಕಗಳು ತಗ್ಗಿರುವುದನ್ನು 1996ರಲ್ಲಿ ಅದೇ ವೋಲ್ಕೋ ತಂಡ ವರದಿಮಾಡಿತು.

ಹಾಗೆಂದು ಜಾರಿದವನ ಹೊಣೆ ಇಲ್ಲವಾಗುವುದಿಲ್ಲ. ಹೊಣೆ ಹೊರಲು ಅವನಿಗೆ ಬೇಕಾದ ಕಾಲಾವಧಿ ಬದಲಾಗುತ್ತದೆ. ಒಂದು ವಾರದ ಉಪಚಾರದಿಂದ ರಕ್ತ ಶುದ್ಧವಾಗಬಹುದು; ಮಿದುಳು ಚೇತರಿಸಿಕೊಳ್ಳಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು, ಮತ್ತು ಚೇತರಿಕೆ ಎಲ್ಲರಲ್ಲಿ ಪೂರ್ಣವಲ್ಲ. ಬೆಂಗಳೂರಿನಲ್ಲಿ 19ನೆಯ ಶತಮಾನದ ನಡುವೆ ಹುಚ್ಚಾಸ್ಪತ್ರೆಯಾಗಿ ಮೊದಲಾದದ್ದು 1974ರಲ್ಲಿ ನಿಮ್ಹಾನ್ಸ್ ಆಯಿತು. ಕೂಡಿಹಾಕುವ ಕಟ್ಟಡವಾಗಿದ್ದುದು ವ್ಯಸನಕ್ಕೂ ದೀರ್ಘಕಾಲದ ಚಿಕಿತ್ಸೆ ನೀಡುವ ಸಂಸ್ಥೆಯಾದದ್ದು ಇದೇ ಅರಿವಿನ ಚರಿತ್ರೆಯ ಒಂದು ಭಾಗ.

ಹಳ್ಳಿಗಳಲ್ಲಿ ಇಂದಿಗೂ ಕುಡಿತ ಬಿಡಿಸಲೆಂದು ಮನುಷ್ಯನನ್ನು ಕೋಣೆಯಲ್ಲಿ ಕೂಡಿ ಬೀಗ ಹಾಕುವುದುಂಟು. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಸೆಳವು, ಭ್ರಮೆ, ಕಂಪನಗಳು ತಲೆದೋರಿ ಪ್ರಾಣಕ್ಕೇ ಅಪಾಯವಾಗಬಲ್ಲುದು. ಅಂಥವನನ್ನು ಕೋಣೆಗಲ್ಲ, ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ.